ಬಟ್ಟೆಯ ಒಳಮೈ ನೋಡುವ ಕಣ್ಣು

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಮನೆಗಳಲ್ಲಿ ಬೆಳೆದವರಿಗೆ ಒಂದು ಅಭ್ಯಾಸ ತಾನಾಗಿ ಅಂಟಿಕೊಂಡಿರುತ್ತದೆ. ಯಾರಾದರೂ ಹೊಸ ಪ್ಯಾಂಟನ್ನು ಕೈಗೆ ಕೊಟ್ಟರೆ ನಾವು ಮೊದಲು ಅದನ್ನು ಒಳಮೈ ಹೊರಗಾಗುವಂತೆ ತಿರುವಿ, ಕಾಲಿನ ಒಳಹೊಲಿಗೆ, ಜೇಬಿನ ಚೀಲ, ಓವರ್‌ಲಾಕ್ ಹಾಕಿದ ಅಂಚು, ಜಿಪ್ಪಿನ ಬುಡ ಇವಿಷ್ಟನ್ನೂ ನೋಡಿ, ಆಮೇಲೆ ಬಣ್ಣದ ಮಾತಿಗೆ ಬರುತ್ತೇವೆ. ವಿಮಾನ ಹತ್ತಿ ಪರದೇಶಕ್ಕೆ ಹೋದ ಕೂಡಲೇ ಈ ಅಭ್ಯಾಸ ಎಲ್ಲಿ ಅಡಗುತ್ತದೋ ತಿಳಿಯದು. ನಮ್ಮೂರಿನ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಶಿ ಮಾಡುವವರೇ ಅಲ್ಲಿ ಬೆಲೆಚೀಟಿಯ ಅಂಕಿಯನ್ನು ರೂಪಾಯಿಗೆ ಪರಿವರ್ತಿಸುವುದನ್ನೂ ಮರೆತು ಚೀಲ ತುಂಬಿಸಿಕೊಳ್ಳುತ್ತಾರೆ.

ನಾನು ಮೋಸಹೋದ ಸಂಗತಿಯನ್ನೇ ಮೊದಲು ಹೇಳುತ್ತೇನೆ. ಕಠ್ಮಂಡುವಿನ ಥಮೇಲ್ ಪೇಟೆಯ ಒಂದು ಅಂಗಡಿಯಲ್ಲಿ ಶಾಲೊಂದನ್ನು ತೋರಿಸಿದ ವ್ಯಾಪಾರಿ, ಅದನ್ನು ಉಂಗುರದೊಳಗಿಂದ ಸಲೀಸಾಗಿ ಎಳೆದು, ಇದು ಅಪ್ಪಟ ಪಶ್ಮೀನಾ, ಮೇಕೆಯ ನವಿರಾದ ಉಣ್ಣೆಯದು ಎಂದು ನಂಬಿಸಿದ. ಅದರ ಅಂಚಿನಲ್ಲಿ ಹಾಗೆಂದು ಚೀಟಿಯೂ ಇತ್ತು. ಮನೆಗೆ ಬಂದ ಮೇಲೆ, ಹುಟ್ಟಿನಿಂದ ಕಂಬಳಿಯ ನಡುವೆ ಬೆಳೆದ ನಮ್ಮ ಅತ್ತೆಯವರು ಅದನ್ನು ಬೆರಳುಗಳ ನಡುವೆ ಒಮ್ಮೆ ತಿಕ್ಕಿ ನೋಡಿ, "ಇದರಾಗ ಉಣ್ಣಿ ಎಲ್ಲೈತವ್ವಾ?" ಎಂದರು. ಕುಚ್ಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದರೆ ಕಾಗದ ಸುಟ್ಟ ವಾಸನೆ ಬಂತು. ಉಣ್ಣೆ, ರೇಷ್ಮೆಗಳು ಪ್ರಾಣಿಜನ್ಯವಾದ್ದರಿಂದ ಸುಟ್ಟಾಗ ಕೂದಲು ಕಮರಿದ ವಾಸನೆ ಬರುತ್ತದೆ. ಕೂದಲಿನ ಉದ್ಯಮವನ್ನೇ ನಂಬಿರುವ ಕೊಪ್ಪಳದ ಭಾಗ್ಯನಗರದವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಎಳೆ ಕಾಗದದಂತೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಂಗುರದ ಪರೀಕ್ಷೆಯೋ, ನಯವಾದ ಯಾವ ತೆಳು ಬಟ್ಟೆಯೂ ಅದರಲ್ಲಿ ಪಾಸಾಗುತ್ತದೆ. ಅಂಗಡಿಯಲ್ಲಿ ಬೆಂಕಿಕಡ್ಡಿ ಗೀರಲು ಯಾರೂ ಬಿಡುವುದಿಲ್ಲವೆಂಬುದು ನಿಜ. ಆದರೆ ರಸೀದಿಯಲ್ಲಿ ಎಳೆಯ ಹೆಸರನ್ನು ಬರೆದುಕೊಡಿ ಎಂದು ಕೇಳಬಹುದಲ್ಲ! ಹಾಗೆ ಕೇಳಿದಾಗ ಹಿಂದೆಮುಂದೆ ನೋಡುವ ವ್ಯಾಪಾರಿಯಿಂದ ಏನನ್ನೂ ಕೊಳ್ಳದಿರುವುದು ಲೇಸು. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಬಟ್ಟೆಯ ಎಳೆಗಳ ಪ್ರಮಾಣವನ್ನು ಲೇಬಲ್ಲಿನಲ್ಲಿ ನಮೂದಿಸುವುದು ಕಾನೂನಿನ ಕಟ್ಟಳೆ. ಥಾಯ್ಲೆಂಡಿನಲ್ಲಿ ರೇಷ್ಮೆಗೆ ಸರ್ಕಾರವೇ ನವಿಲಿನ ಮುದ್ರೆ ಕೊಡುತ್ತದೆ. ಬಂಗಾರದ ಬಣ್ಣದ ನವಿಲು ಎಲ್ಲಕ್ಕಿಂತ ಮೇಲಿನ ದರ್ಜೆಯದು, ಹಸಿರು ನವಿಲಿದ್ದರೆ ರೇಷ್ಮೆಯೊಂದಿಗೆ ಬೇರೆ ಎಳೆ ಬೆರೆತಿದೆ ಎಂದರ್ಥ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಕಿದ ಕೊಂಡಿಯನ್ನು ಹುಡುಕಿ ನೋಡುವ ನಮ್ಮ ಹೆಣ್ಣುಮಕ್ಕಳಿಗೆ ಈ ನವಿಲನ್ನು ಹುಡುಕುವುದು ಏನೂ ಕಷ್ಟವಲ್ಲ.

ಇನ್ನು ಜೀನ್ಸ್. ಬಳ್ಳಾರಿಯಿಂದ ಹೋದವರು ಬ್ಯಾಂಕಾಕಿನಿಂದಲೋ ದುಬೈನಿಂದಲೋ ಸಾಮಾನ್ಯ ಜೀನ್ಸ್ ಪ್ಯಾಂಟುಗಳನ್ನು ಹೊತ್ತು ತರುವುದು, ಕಟುವಾಗಿ ಹೇಳುತ್ತಿದ್ದೇನೆಂದು ತಿಳಿಯಬೇಡಿ, ಹೊಳೆಯ ದಂಡೆಯವರು ಕೊಡ ನೀರನ್ನು ಪರವೂರಿನಿಂದ ತಂದಂತೆ. ಹಾಗೆಂದು ನೋಡಲೇಬಾರದೆಂದಲ್ಲ. ಜಪಾನಿನ ಒಕಯಾಮ ಪ್ರಾಂತದ ಕೊಜಿಮಾದಲ್ಲಿ ಹಳೆಯ ಲಾಳಿಯ ಮಗ್ಗಗಳ ಮೇಲೆ, ಕಿರಿದಾದ ಪನ್ನದಲ್ಲಿ ನೇಯ್ದ ಡೆನಿಮ್ ಬಟ್ಟೆಯ ಪ್ಯಾಂಟುಗಳು ಸಿಗುತ್ತವೆ. ಅದರ ಕಾಲಿನ ತುದಿಯನ್ನು ಮಡಚಿದರೆ ಬಟ್ಟೆಯ ಸಹಜ ಅಂಚು ಕಾಣುತ್ತದೆ. ನೀಲಿ ಹಾಸುನೂಲಿಗೆ ಮೇಲುಮೇಲೆ ಮಾತ್ರ ಬಣ್ಣ ಹಿಡಿದಿರುವುದರಿಂದ ತೊಡುತ್ತ ತೊಡುತ್ತ ತೊಟ್ಟವರ ಮೈಗೆ ತಕ್ಕಂತೆ ಮಾಸುತ್ತದೆ. ಬೆಲೆ ಹೆಚ್ಚು, ಆದರೆ ನಮ್ಮ ಘಟಕಗಳಲ್ಲಿ ಸಿಗದ ವಸ್ತು ಅದು. ಹೊಲಿಗೆಯವರ ಮನೆಯವಳಾಗಿ ನಾನು ಹಣ ತೆತ್ತು ಕೊಂಡರೆ ಅಂಥದ್ದನ್ನೇ ಕೊಂಡೇನು.

ಕೊಳ್ಳುವ ಮುನ್ನ ನಮ್ಮ ಬಿಸಿಲನ್ನೂ ನೆನೆಯಬೇಕು. ಲಂಡನ್ನಿನ ಉಣ್ಣೆಯ ಕೋಟು ಅಲ್ಲಿಯ ಕನ್ನಡಿಯಲ್ಲಿ ಎಷ್ಟು ಚೆಂದ ಕಂಡರೂ ರಾಯಚೂರಿನಲ್ಲಿ ಅದಕ್ಕೆ ಟ್ರಂಕೇ ಗತಿ. ಸಂಡೂರಿನ ಕೆಂಧೂಳಿನಲ್ಲಿ ಬಿಳಿಯ ಬೂಟು ಎರಡು ದಿನ ಬಾಳುವುದಿಲ್ಲ. ಬೂಟನ್ನು ಸಂಜೆಯ ಹೊತ್ತಿನಲ್ಲಿ ತೊಟ್ಟು ನೋಡಿ. ದಿನವಿಡೀ ಊರು ಸುತ್ತಿದ ಪಾದ ಆಗ ಕೊಂಚ ಊದಿರುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಬಂಗಾರದ ವಿಷಯದಲ್ಲಿ. ದುಬೈನ ದೇರಾದ ಚಿನ್ನದ ಪೇಟೆಗೆ ಹೋಗಿ ಬಂದವರೆಲ್ಲ, ಹೆಣ್ಣುಮಕ್ಕಳು 40 ಗ್ರಾಂ, ಗಂಡಸರು 20 ಗ್ರಾಂ ಆಭರಣವನ್ನು ಸುಂಕವಿಲ್ಲದೆ ತರಬಹುದು ಎನ್ನುತ್ತಾರೆ. ಈ ರಿಯಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿ ಮರಳುವವರಿಗೆ. ಹತ್ತು ದಿನದ ಪ್ರವಾಸಿಗೆ ಅದು ಅನ್ವಯಿಸುವುದಿಲ್ಲ. ಈ ತಪ್ಪು ತಿಳಿವಳಿಕೆಯಿಂದ ವಿಮಾನ ನಿಲ್ದಾಣದಲ್ಲಿ ತಲೆ ತಗ್ಗಿಸಿ ನಿಂತವರನ್ನು ನಾನು ಕಂಡಿದ್ದೇನೆ. ಇಲ್ಲಿಂದ ಮೈಮೇಲೆ ಹೆಚ್ಚು ಒಡವೆ ಹಾಕಿಕೊಂಡು ಹೋಗುವವರು, ಹೊರಡುವಾಗಲೇ ಸುಂಕದ ಅಧಿಕಾರಿಗಳಿಗೆ ಅದನ್ನು ತೋರಿಸಿ ಪ್ರಮಾಣಪತ್ರ ಪಡೆದರೆ, ಮರಳಿ ಬರುವಾಗ ಅದು ತಮ್ಮದೇ ಎಂದು ಸಾಧಿಸುವ ಕಷ್ಟವಿರದು. ಒಡವೆಯ ಮೇಲಿನ ಅಂಕಿಯನ್ನೂ ಓದಿ: 916 ಎಂದರೆ 22 ಕ್ಯಾರೆಟ್, 750 ಎಂದರೆ 18, 585 ಎಂದರೆ 14.

ಹೆಸರಾಂತ ಕಂಪನಿಗಳ ನಕಲಿ ಕೈಚೀಲಗಳ ಆಸೆ ಬೇಡ. ಇಟಲಿಯಲ್ಲಿ ಮಾರಿದವರಿಗಷ್ಟೇ ಅಲ್ಲ, ಕೊಂಡವರಿಗೂ 7,000 ಯೂರೋವರೆಗೆ ದಂಡ ವಿಧಿಸುವ ಕಾನೂನಿದೆ. ಆಮೆಚಿಪ್ಪಿನ ಬಾಚಣಿಗೆ, ದಂತದ ಬಳೆ, ಚಿರು ಎಂಬ ಟಿಬೆಟ್ಟಿನ ಜಿಂಕೆಯನ್ನು ಕೊಂದು ಮಾಡುವ ಶಾತೂಶ್ ಶಾಲು ಇವನ್ನಂತೂ ಮುಟ್ಟಲೇಬಾರದು. ವನ್ಯಜೀವಿಗಳ ವ್ಯಾಪಾರದ ಬಗ್ಗೆ 1973ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವೂ ಸೇರಿದೆ.

ಹಣ ಕೊಡುವಾಗ ಕಾರ್ಡಿನ ಯಂತ್ರ ಕೆಲವೊಮ್ಮೆ, ರೂಪಾಯಿಯಲ್ಲಿ ಕೊಡುತ್ತೀರೋ ಸ್ಥಳೀಯ ಹಣದಲ್ಲೋ ಎಂದು ಕೇಳುತ್ತದೆ. ನಮ್ಮ ರೂಪಾಯಿ ಕಂಡು ಹಿಗ್ಗಿ ಅದನ್ನೇ ಒತ್ತಿದರೆ, ಅಂಗಡಿಯ ಕಡೆಯವರು ನಿಗದಿಮಾಡಿದ ತುಟ್ಟಿ ದರ ನಮ್ಮ ತಲೆಗೆ ಬರುತ್ತದೆ. ಸ್ಥಳೀಯ ಹಣವನ್ನೇ ಆರಿಸಬೇಕು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ 2018ರಿಂದ ಶೇಕಡಾ 5ರಷ್ಟು ಮೌಲ್ಯವರ್ಧಿತ ತೆರಿಗೆ ಇದೆ. ಪ್ರವಾಸಿಗರು ಅದರ ಬಹುಭಾಗವನ್ನು ಹೊರಡುವಾಗ ಮರಳಿ ಪಡೆಯಬಹುದು, ಅದಕ್ಕೆ ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ರಸೀದಿಯನ್ನು ದಾಖಲಿಸಬೇಕು. ಬ್ರಿಟನ್ನಿನ ಅಂಗಡಿಗಳಲ್ಲಿ ಈ ಸೌಲಭ್ಯ 2021ರ ಆರಂಭದಲ್ಲೇ ನಿಂತುಹೋಗಿದೆ. ತೆರಿಗೆ ಮರಳಿಸುವ ಕಟ್ಟೆಯಲ್ಲಿ ಅಧಿಕಾರಿಗಳು ಕೊಂಡ ವಸ್ತುವನ್ನೇ ತೋರಿಸಿ ಎನ್ನಬಹುದಾದ್ದರಿಂದ, ದೊಡ್ಡ ಪೆಟ್ಟಿಗೆಯನ್ನು ವಿಮಾನದವರ ಕೈಗೆ ಒಪ್ಪಿಸುವ ಮೊದಲೇ ಅಲ್ಲಿಗೆ ಹೋಗಿ. ಹಾಗೆ ಕೊಂಡ ವಸ್ತುಗಳನ್ನು ಪೆಟ್ಟಿಗೆಯಲ್ಲಿ ಎಲ್ಲ ಬಟ್ಟೆಗಳ ಮೇಲೆ, ರಸೀದಿಯ ಸಮೇತ ಇಟ್ಟುಕೊಂಡಿರಿ. ನಮಸ್ಕಾರ.