ಹಂಪಿಗೆ ಹೋಗುವವರೇ, ಲಕ್ಕುಂಡಿಯಲ್ಲಿ ಇಳಿಯಿರಿ

ಕೇಳುಗರೇ, ನಮಸ್ಕಾರ.

ಗದಗಿನಿಂದ ಕೊಪ್ಪಳದ ಕಡೆ ಹೊರಟರೆ ಸುಮಾರು 12 ಕಿಲೋಮೀಟರ್‌ಗೆ ಲಕ್ಕುಂಡಿ ಸಿಗುತ್ತದೆ. ಹಂಪಿ ಮುಟ್ಟುವ ಅವಸರದಲ್ಲಿ ಜಾಸ್ತಿ ಜನ ಈ ಊರನ್ನು ಸುಮ್ನೆ ದಾಟಿ ಹೋಗುತ್ತಾರೆ. ನನಗೆ ಅದು ತುಂಬಾ ಬೇಜಾರು. ಅರ್ಧ ದಿನ ಇಳಿಯಿರಿ.

ಸುತ್ತಲೂ ಎರೆ ಹೊಲ. ಮಳೆ ಕಮ್ಮಿ. ಹಿಂಗಾರಿಗೆ ಬಿತ್ತಿದ ಬಿಳಿಜೋಳ, ಕಡಲೆ ಎಲ್ಲ ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆಯಬೇಕು. ಇಂಥ ಸೀಮೆಯಲ್ಲಿ ನೀರಿಗೆ ಎಷ್ಟು ಬೆಲೆ ಅಂತ ರೈತರಿಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಅದಕ್ಕೇ ನನ್ನ ಮಾತು ಕೇಳಿ, ಇಲ್ಲಿ ಗುಡಿಗಿಂತ ಮೊದಲು ಬಾವಿ ನೋಡಿ. 101 ಗುಡಿ, 101 ಬಾವಿ ಅಂತ ಈ ಊರಿನ ಬಗ್ಗೆ ಹಿಂದಿನಿಂದ ಬಂದ ಮಾತೇ ಇದೆ.

ಮಾಣಿಕೇಶ್ವರ ಗುಡಿಯ ಪಕ್ಕದಲ್ಲಿ ಮುಸುಕಿನ ಬಾವಿ ಇದೆ. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ, ಇಳಿಯುತ್ತ ಹೋದ ಹಾಗೆ ಅಕ್ಕಪಕ್ಕದಲ್ಲಿ ಪುಟ್ಟ ಪುಟ್ಟ ಗೂಡುಗಳು, ಒಂದೊಂದೂ ಒಂದು ಚಿಕ್ಕ ಗುಡಿಯ ಹಾಗೆ ಕಡೆದದ್ದು. ನೀರು ತುಂಬುವ ಜಾಗಕ್ಕೂ ಇಷ್ಟೊಂದು ಅಕ್ಕರೆಯಿಂದ ಉಳಿ ಹಿಡಿದಿದ್ದಾರೆ!

ಹಿಂದೆ ಈ ಊರಿನ ಹೆಸರು ಲೊಕ್ಕಿಗುಂಡಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ದೊಡ್ಡ ಪಟ್ಟಣ, ಇಲ್ಲಿಯ ಟಂಕಸಾಲೆಯಲ್ಲಿ, ಅಂದರೆ ನಾಣ್ಯ ಅಚ್ಚು ಹಾಕುವ ಜಾಗದಲ್ಲಿ, ತಯಾರಾದ ಲೊಕ್ಕಿ ಗದ್ಯಾಣ ಹೆಸರಾದ ಚಿನ್ನದ ನಾಣ್ಯ. ಆಮೇಲೆ ಹೊಯ್ಸಳರ ಇಮ್ಮಡಿ ಬಲ್ಲಾಳನೂ ಇಲ್ಲಿದ್ದು ಆಳಿದ. ಆದರೆ ನನ್ನ ಮನಸ್ಸಿಗೆ ಹತ್ತಿರದವಳು ಅತ್ತಿಮಬ್ಬೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಅಚ್ಚುಕೂಟದ ಕಲ್ಪನೆಯೇ ಇಲ್ಲದ ಕಾಲದಲ್ಲಿ ಪೊನ್ನ ಕವಿಯ ಶಾಂತಿಪುರಾಣ ಕಾವ್ಯದ 1000 ಪ್ರತಿ ಬರೆಸಿ ಹಂಚಿದಳು. ಒಂದೊಂದು ಅಕ್ಷರವನ್ನೂ ಓಲೆಯ ಮೇಲೆ ಕೈಯಲ್ಲೇ ಕೊರೆಯಬೇಕು, ಯೋಚನೆ ಮಾಡಿ! 1007ರ ಸುಮಾರಿಗೆ ಅವಳು ಕಟ್ಟಿಸಿದ ಜೈನರ ಗುಡಿ, ಬ್ರಹ್ಮ ಜಿನಾಲಯ, ಇವತ್ತಿಗೂ ನಿಂತಿದೆ, ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿಯೂ ಇದೆ. ಅಲ್ಲಿಂದ ಕಾಶಿ ವಿಶ್ವನಾಥ ಗುಡಿಗೆ ಬನ್ನಿ. ಶಿವನಿಗೆ ಎದುರಾಗಿ ಸೂರ್ಯನ ಗುಡಿ. ಬಾಗಿಲವಾಡದ ಕೆತ್ತನೆ ನೋಡಲು ಅವಸರ ಮಾಡಬೇಡಿ, ಪಟ್ಟಿ ಪಟ್ಟಿಯಾಗಿ ಕಣ್ಣು ಮೇಲಕ್ಕೆ ಹೋಗಲಿ.

ಈ ಗುಡಿಗಳ ನಡುವೆಯೇ ಜನರ ಮನೆ ಇವೆ, ದನ ಕಟ್ಟುತ್ತಾರೆ, ಕಾಳು ಒಣಗಿಸುತ್ತಾರೆ. ಮಾತಾಡಿಸಿ, ದಾರಿ ಕೇಳಿ. ಫೋಟೊ ತೆಗೆಯುವ ಮೊದಲು ಒಂದು ಮಾತು ಕೇಳಿಬಿಡಿ.

ಡಿಸೆಂಬರ್, ಜನವರಿಯಲ್ಲಿ ಬಂದರೆ ಹೊಲದಲ್ಲಿ ಬೆಳೆ ನಿಂತಿರುತ್ತದೆ, ಬಿಸಿಲೂ ತಡೆಯುವಷ್ಟೇ. ಮಳೆ ಬಿದ್ದಾಗ ಎರೆ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತೋದೇ ಕಷ್ಟ. ಬಾವಿಯ ಮೆಟ್ಟಿಲಲ್ಲಿ ಮಕ್ಕಳ ಕೈ ಬಿಡಬೇಡಿ, ನೀರಿಗೆ ಬಾಟಲಿ ಎಸೆಯಬೇಡಿ. ನಮಸ್ಕಾರ.