ಐಸಿಯು ಬಾಗಿಲಿಗೆ ಹೋಗುವ ಮುನ್ನ ಆಡಬೇಕಾದ ಮಾತು

ಮಾನ್ಯ ವೈದ್ಯ ಮಿತ್ರರೇ,

ಸಾವಿನ ಮಾತೆತ್ತಿದರೆ ನಮ್ಮ ಮನೆಗಳಲ್ಲಿ ಹಿರಿಯರು ‘ಬಿಡ್ತು ಅನ್ನಿ’ ಎಂದು ತಡೆಯುತ್ತಾರೆ. ಗಂಭೀರ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿಕೊಂಡು ಬಂದ ಕುಟುಂಬ ವೈದ್ಯರಾದ ನಾವೂ ಅದೇ ಸಂಕೋಚಕ್ಕೆ ಒಳಗಾಗುವುದರಿಂದ, ಆ ಮಾತು ಕೊನೆಗೆ ನಡುರಾತ್ರಿ ಐಸಿಯುವಿನ ಹೊರಗೆ, ರೋಗಿಯ ಪರಿಚಯವೇ ಇಲ್ಲದ ಕಿರಿಯ ವೈದ್ಯರೊಬ್ಬರ ಬಾಯಿಂದ ಹೊರಡುತ್ತದೆ. ಆಗ ರೋಗಿಯನ್ನೇ ಕೇಳೋಣವೆಂದರೆ ಅವರಿಗೆ ಪ್ರಜ್ಞೆ ಇರುವುದಿಲ್ಲ.

ಕಾನೂನಿನ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ಕಾಮನ್ ಕಾಸ್ ಎಂಬ ಸ್ವಯಂಸೇವಾ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ, ಅಂದರೆ ಮುಂದೆ ತಾನು ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರಕ್ಕೆ, ಮಾನ್ಯತೆ ನೀಡಿತು. ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ಷರತ್ತು ತೊಡಕಾಗಿದ್ದರಿಂದ, 2023ರ ಜನವರಿ 24ರ ಆದೇಶವು ಇಬ್ಬರು ಸಾಕ್ಷಿಗಳ ಸಹಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಈ ಕುರಿತು ಸುತ್ತೋಲೆ ಹೊರಡಿಸಿದೆ. ಪ್ರಾಣ ತೆಗೆಯುವ ಔಷಧ ಕೊಡುವ ಪ್ರಶ್ನೆ ಇಲ್ಲಿಲ್ಲ. ಚೇತರಿಕೆಯ ಆಸೆ ಇಲ್ಲದಿರುವಾಗ ಯಂತ್ರಗಳ ನೆರವನ್ನು ನಿಲ್ಲಿಸುವುದಕ್ಕೂ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು.

ಆದರೆ ನೋಟರಿಯ ಮುದ್ರೆ ಕಡೆಯ ಕೆಲಸ. ಮೊದಲನೆಯದು ಮಾತು. ಸಿಒಪಿಡಿ ಎಂಬ, ಉಸಿರಾಟವನ್ನು ಕಷ್ಟವಾಗಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಿಂದ ಒಂದೇ ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿ ಬಂದ ನಿವೃತ್ತ ಮೇಷ್ಟ್ರೊಬ್ಬರು ನಿಮ್ಮೆದುರು ಕುಳಿತಿದ್ದಾರೆ ಎಂದುಕೊಳ್ಳಿ. ‘ವೆಂಟಿಲೇಟರ್ ಬೇಕೇ, ಬೇಡವೇ’ ಎಂದು ಆರಂಭಿಸಿದರೆ ಅವರು ದಿಗಿಲುಬೀಳುತ್ತಾರೆ. ‘ಮೇಷ್ಟ್ರೇ, ಹೋದ ಸಲ ಆಸ್ಪತ್ರೆಯಲ್ಲಿ ಯಾವುದು ತೀರಾ ಕಷ್ಟವಾಯಿತು?’ ಎಂದು ಕೇಳಿ ಸುಮ್ಮನಿರಿ. ಮಾಸ್ಕ್ ಬಿಗಿದಾಗಿನ ಸಂಕಟ, ಹೆಂಡತಿಯನ್ನು ಒಳಗೆ ಬಿಡದಿದ್ದುದು, ಹೀಗೆ ಅವರೇ ಹೇಳುತ್ತಾ ಹೋಗುತ್ತಾರೆ. ತಮಗೆ ಏನು ಬೇಕು, ಏನು ಬೇಡ ಎಂಬುದು ಅದರೊಳಗೇ ಇರುತ್ತದೆ.

ಅಷ್ಟರಲ್ಲಿ ಮಗ ನಿಮ್ಮನ್ನು ಪಕ್ಕಕ್ಕೆ ಕರೆದು, ‘ಅಪ್ಪನಿಗೆ ಏನೂ ಹೇಳಬೇಡಿ ಡಾಕ್ಟ್ರೇ’ ಎನ್ನಬಹುದು. ಅದರಲ್ಲಿರುವುದು ಪ್ರೀತಿಯೇ, ಗದರಬೇಕಾಗಿಲ್ಲ. ‘ವಿಷಯವನ್ನು ನಿಮಗೇ ಹೇಳಲೇ, ಮಗನ ಜೊತೆ ಮಾತಾಡಲೇ?’ ಎಂದು ಮೇಷ್ಟ್ರನ್ನೇ ಕೇಳಿ. ಮಗನಿಗೆ ಹೇಳಿ ಎಂದರೆ ಅದೂ ಅವರದೇ ತೀರ್ಮಾನ. ರೋಗಿಗೆ ಎಲ್ಲವನ್ನೂ ಹೇಳಲೇಬೇಕೆಂಬ ಹಠ, ಏನನ್ನೂ ಹೇಳಬಾರದೆಂಬ ಹಠದಷ್ಟೇ ಒರಟು ಎಂಬುದು ನನ್ನ ಅಭಿಪ್ರಾಯ.

ಸಾಲಿನಲ್ಲಿ ಮೂವತ್ತು ಜನ ಕಾಯುತ್ತಿರುವಾಗ ಇದು ಒಂದೇ ಭೇಟಿಗೆ ಮುಗಿಯುವುದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆಡಿದಷ್ಟನ್ನು ದಿನಾಂಕ ಹಾಕಿ ಬರೆದಿಡಿ. ವೆಂಟಿಲೇಟರ್ ಬೇಡವೆಂದವರಿಗೂ ಉಸಿರಾಟದ ಸಂಕಟ ತಗ್ಗಿಸುವ ಔಷಧ, ನೋವಿಗೆ ಮಾರ್ಫಿನ್, ಮನೆಗೆ ಬಂದು ನೋಡುವ ವೈದ್ಯ ಬೇಕೇಬೇಕೆಂಬುದನ್ನೂ ಅದರಲ್ಲಿ ಸೇರಿಸಿ. ಆ ಹಾಳೆ ನಮ್ಮ ಕಪಾಟಿನಲ್ಲಿದ್ದರೆ ಪ್ರಯೋಜನವಿಲ್ಲ; ಮನೆಯವರು ಪ್ಲಾಸ್ಟಿಕ್ ಕವರಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತೊಯ್ಯುವ ಫೈಲಿನ ಮೊದಲ ಪುಟವಾಗಿರಬೇಕು. ದೂರದೇಶದಲ್ಲಿ ಇನ್ನೊಬ್ಬ ಮಗನೋ ಮಗಳೋ ಇದ್ದರೆ, ಮೇಷ್ಟ್ರು ಎದುರಿಗೆ ಕುಳಿತಿರುವಾಗಲೇ ಅವರಿಗೆ ವಿಡಿಯೊ ಕರೆ ಮಾಡಿಸಿ, ಅಪ್ಪನ ಬಾಯಿಂದಲೇ ಕೇಳಿಸಿಬಿಡಿ.