ಮೂಲೆ ಮೇಜಿನ ಎರಡನೇ ಲೋಟ

ನಮಸ್ಕಾರ.

ಇವತ್ತು ಕೆಲವು ಫೋಟೋಗಳ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಬಾನುಲಿಯಲ್ಲಿ ಫೋಟೋ ತೋರಿಸೋಕಾಗಲ್ಲ, ಗೊತ್ತು. ಆದರೆ ಹೇಳಬಹುದು. ನೀವು ಕಾಫಿ ಕುಡೀತಾ ಕೇಳುತ್ತಿದ್ದರೆ ಇನ್ನೂ ಒಳ್ಳೆಯದು.

ನಮ್ಮ ಮನೆ ಬೆಂಗಳೂರಿನ ಗಾಂಧಿ ಬಜಾರಿನ ಹತ್ತಿರ. ಈ ಕಡೆ ಬಂದವರು ವಿದ್ಯಾರ್ಥಿ ಭವನಕ್ಕೆ ಹೋಗಿ ಮಸಾಲೆ ದೋಸೆಗೆ ಕ್ಯೂ ನಿಲ್ಲುತ್ತಾರೆ. 1943ರಿಂದ ಇರುವ ಹೋಟೆಲು, ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಸಾಲಾಗಿ ಪೇರಿಸಿಕೊಂಡು ಬರುವ ಸಪ್ಲೈಯರ್ ಫೋಟೋ ನೀವೂ ಎಲ್ಲಾದರೂ ನೋಡಿರುತ್ತೀರಿ. ನಾನು ಹೇಳುತ್ತಿರೋದು ಅದರ ಬಗ್ಗೆ ಅಲ್ಲ. ನಮ್ಮ ಅಡ್ಡರಸ್ತೆಯಲ್ಲಿ ಒಂದು ಪುಟ್ಟ ಕಾಫಿ ಹೋಟೆಲಿದೆ. ಆರು ಮೇಜು, ಒಂದು ಗಲ್ಲಾ, ಬಾಗಿಲಲ್ಲಿ ಒಂದು ಮರ. ಬೀದಿಯವರು ಬಿಟ್ಟರೆ ಬೇರೆ ಯಾರೂ ಹುಡುಕಿಕೊಂಡು ಬರಲ್ಲ. ಹೋದ ವರ್ಷ ಪೂರ್ತಿ ನಾನು ಅಲ್ಲಿ ಫೋಟೋ ತೆಗೆದೆ.

ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಎಂ.ಜಿ. ರಸ್ತೆಯ ಕಾಫಿ ಹೌಸ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಬಿಳಿ ಬಟ್ಟೆ, ಸೊಂಟಕ್ಕೆ ಅಗಲದ ಪಟ್ಟಿ, ತಲೆಗೆ ಗರಿ ನಿಂತ ಪೇಟ, ಹಾಗೆ ಬರುವ ಸಪ್ಲೈಯರ್‌ಗಳನ್ನು ನಾನು ರಾಜರು ಅಂದುಕೊಂಡಿದ್ದೆ. ಅವರ ಹಿಂದೆ ದೊಡ್ಡ ಕಥೆಯೇ ಇತ್ತು, ನನಗೆ ಆಮೇಲೆ ಗೊತ್ತಾಯಿತು. ಆ ಕಾಫಿ ಹೌಸ್‌ಗಳನ್ನು ಮೊದಲು ನಡೆಸುತ್ತಿದ್ದದ್ದು ಸರ್ಕಾರದ ಕಾಫಿ ಮಂಡಳಿ. 1950ರ ದಶಕದಲ್ಲಿ ಮಂಡಳಿ ಅವನ್ನು ಮುಚ್ಚಲು ಹೊರಟಿತು. ಕೆಲಸ ಹೋಗುವ ಹೊತ್ತಿಗೆ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ತಾವೇ ಸಹಕಾರ ಸಂಘ ಕಟ್ಟಿ, ಹೋಟೆಲನ್ನು ತಾವೇ ನಡೆಸಿದರು. ಅಂಥ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಅಂದರೆ ನಾನು ರಾಜರು ಅಂದುಕೊಂಡವರು ನಿಜವಾಗಿಯೂ ಆ ಜಾಗದ ಯಜಮಾನರೇ ಆಗಿದ್ದರು. 2009ರಲ್ಲಿ ಕಾಫಿ ಹೌಸ್ ಚರ್ಚ್ ಸ್ಟ್ರೀಟ್‌ಗೆ ಹೋಯಿತು. ಈಗಲೂ ಅಲ್ಲಿ ಕಾಫಿ ಕುಡಿಯಬಹುದು. ಆದರೆ ಎಂ.ಜಿ. ರಸ್ತೆಯ ಆ ಹಳೇ ಜಾಗದಲ್ಲಿ ಅಪ್ಪ ಕೂತಿದ್ದ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಕ್ಯಾಮೆರಾ ಇತ್ತು. ಮದುವೆ, ಮುಂಜಿ, ಊಟಿ ಪ್ರವಾಸ, ಅದಕ್ಕೆಲ್ಲ ಅದು ಹೊರಗೆ ಬರುತ್ತಿತ್ತು. ದಿನಾ ಹೋಗೋ ಜಾಗದ ಫೋಟೋ ಯಾರು ತೆಗೀತಾರೆ ಅನ್ನೋ ಲೆಕ್ಕ. ಅಪ್ಪ ಹೋದ ಮೇಲೆ ಆ ಲೆಕ್ಕ ತಪ್ಪು ಅಂತ ಅನಿಸಿತು.

ಹಾಗಾಗಿ ಗಲ್ಲಾದಲ್ಲಿ ಕೂರುವ ಯಜಮಾನರನ್ನು ಕೇಳಿದೆ. ಅವರು, "ಗಿರಾಕಿಗಳಿಗೆ ಬೇಜಾರಾಗಬಾರದು, ಅಷ್ಟೇ ಕಣಮ್ಮಾ" ಅಂದರು. ಮೊದಲ ಹತ್ತು ದಿನ ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ. ಸುಮ್ನೆ ಕಾಫಿ ಕುಡಿದೆ. ಕ್ಯಾಮೆರಾ ಎತ್ತಿದ ಕೂಡಲೇ ಜನರ ಬೆನ್ನು ನೆಟ್ಟಗಾಗುತ್ತೆ, ಮುಖ ಗಟ್ಟಿಯಾಗುತ್ತೆ, ಗುರುತಿನ ಚೀಟಿಗೆ ಕೂತ ಹಾಗೆ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೋ ನೋಡಿದ್ದೀರಾ? ಅವರು ತೆಗೆದ ಮಕ್ಕಳು, ಬೀದಿಯ ಜನ, ಯಾರೂ ಬೆನ್ನು ನೆಟ್ಟಗೆ ಮಾಡಿಲ್ಲ. ಕ್ಯಾಮೆರಾ ಇರೋದೇ ಮರೆತವರ ಹಾಗೆ ಇದ್ದಾರೆ. ಅದಕ್ಕೆ ಎಷ್ಟು ತಾಳ್ಮೆ ಬೇಕು ಅಂತ ಈ ಹತ್ತು ದಿನದಲ್ಲಿ ಸ್ವಲ್ಪ ಅರ್ಥವಾಯಿತು.

ಈಗ ಮೊದಲ ಫೋಟೋ. ಕಾಫಿ ಹಾಕುವವರದ್ದು. ಬೆಳಗ್ಗೆ ಆರೂವರೆ. ಹೋಟೆಲಿನ ಬಾಗಿಲು ಪೂರ್ವಕ್ಕಿದೆ, ಬಿಸಿಲು ಓರೆಯಾಗಿ ಒಳಗೆ ಬರುತ್ತೆ. ನಾನು ಮೊದಮೊದಲು ಬಾಗಿಲ ಕಡೆಯಿಂದ ಒಳಗೆ ನೋಡಿ ತೆಗೆಯುತ್ತಿದ್ದೆ, ಹಬೆ ಬೀಳುತ್ತಲೇ ಇರಲಿಲ್ಲ. ಹಬೆಯ ಹಿಂದಿನಿಂದ ಬೆಳಕು ಬಂದರೆ ಮಾತ್ರ ಅದು ಕಣ್ಣಿಗೆ ಕಾಣೋದು. ಹಾಗಾಗಿ ಒಳಗೆ ಹೋಗಿ, ಬಾಗಿಲ ಕಡೆ ಮುಖ ಮಾಡಿ ನಿಂತೆ. ಇನ್ನೊಂದು ತೊಂದರೆ ಟ್ಯೂಬ್‌ಲೈಟು. ಅಲ್ಲಿರೋದು ಹಳೇ ಕಾಲದ್ದು, ನಮ್ಮ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಗೊತ್ತಾಗಲ್ಲ, ಆದರೆ ಕ್ಯಾಮೆರಾದ ಶಟರ್ ಜಾಸ್ತಿ ವೇಗದಲ್ಲಿದ್ದರೆ ಫೋಟೋದಲ್ಲಿ ಕಪ್ಪು ಪಟ್ಟಿಗಳು ಬರುತ್ತವೆ. ಅದಕ್ಕೆ ಶಟರನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಳಿಸಿದೆ. ಇದರಿಂದ ಒಂದು ಲಾಭವೂ ಆಯಿತು. ಮೇಲಿನ ಪಾತ್ರೆಯಿಂದ ಕೆಳಗಿನ ಲೋಟಕ್ಕೆ ಒಂದು ಮೊಳದಷ್ಟು ಎತ್ತರದಿಂದ ಬೀಳುವ ಕಾಫಿ, ವೇಗ ಜಾಸ್ತಿ ಇದ್ದಾಗ ಹನಿ ಹನಿಯಾಗಿ ಚೂರಾಗಿ ಬರುತ್ತಿತ್ತು. ಈಗ ಒಂದೇ ದಾರದ ಹಾಗೆ ಬಂತು. ಕಂದು ಬಣ್ಣದ, ಬಿಸಿಲು ಹಾದು ಹೋಗುವ ದಾರ.

ಆ ಫೋಟೋವನ್ನು ಮನೆಯಲ್ಲಿ ದೊಡ್ಡದು ಮಾಡಿ ನೋಡಿದಾಗ, ಅವರ ಹಿಂದಿನ ಬಿಳಿ ಟೈಲ್ಸ್ ಮೇಲೆ ಪೆನ್ಸಿಲ್ ಗೀಟುಗಳು ಕಂಡವು. ನಾಲ್ಕು ನಿಂತ ಗೀಟು, ಅಡ್ಡ ಒಂದು. ಹೀಗೆ ಐದೈದರ ಗುಂಪು. ಅವರು ಕುಂದಾಪುರದ ಕಡೆಯವರು, ಹುಡುಗನಾಗಿದ್ದಾಗ ಬಂದವರು, ನಮ್ಮ ಎಷ್ಟೋ ಹೋಟೆಲುಗಳು ಆ ಕಡೆಯಿಂದ ಬಂದವರ ಕೈಯಲ್ಲೇ ನಡೆದಿವೆ ಅಲ್ವಾ. ಊರಿಗೆ ಹೋಗೋಕೆ ಇನ್ನು ಎಷ್ಟು ದಿನ ಅಂತ ಎಣಿಸುತ್ತಿದ್ದಾರೆ ಪಾಪ, ಅಂತ ನಾನೇ ಒಂದು ಕಥೆ ಕಟ್ಟಿಕೊಂಡೆ. ಎರಡು ದಿನ ಆ ಕಥೆಯಲ್ಲೇ ಮುಳುಗಿದ್ದೆ. ಮೂರನೇ ದಿನ ಕೇಳಿದೆ.

"ಅದು ಹಾಲಿನ ಕ್ಯಾನ್ ಲೆಕ್ಕ ಮೇಡಂ. ಒಂದು ಕ್ಯಾನ್ ಖಾಲಿಯಾದ್ರೆ ಒಂದು ಗೀಟು." ಅಂದರು. ನಾನು ಅಂದುಕೊಂಡದ್ದನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಊರಿಗೆ ಹೋಗೋ ದಿನಾನ ಗೋಡೆ ಮೇಲೆ ಯಾರು ಬರೀತಾರೆ ಮೇಡಂ? ಅದು ತಲೇಲೇ ಇರುತ್ತೆ. ಇವತ್ತಿಗೆ ಇನ್ನು 43 ದಿನ."

ಎರಡನೇ ಫೋಟೋ ಬೋರ್ಡಿನದು. ಕಪ್ಪು ಬೋರ್ಡು, ಬಿಳಿ ಪೇಂಟಿನಲ್ಲಿ ತಿಂಡಿಗಳ ಹೆಸರು, ಎದುರಿಗೆ ದರ. ದರ ಏರಿದ ಹಾಗೆಲ್ಲ ಹಳೇದರ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ. ಪಕ್ಕದಿಂದ ಹತ್ತಿರ ಹೋಗಿ ತೆಗೆದರೆ ಕಾಫಿಯ ಎದುರಿಗೆ ಮಾತ್ರ ಚೀಟಿಗಳ ದಪ್ಪ ಒಂದು ಪುಟ್ಟ ಪುಸ್ತಕದ ಹಾಗೆ ಕಾಣುತ್ತೆ. ಒಂದು ಮೂಲೆ ಕಿತ್ತು ಬಂದು ಒಳಗಿನ 12 ಇಣುಕುತ್ತಿದೆ. ಇದಕ್ಕೆ ಕಥೆ ಯಾರನ್ನೂ ಕೇಳಬೇಕಾಗಿಲ್ಲ.

ಮೂರನೆಯದು ಹೇಳೋಕೇ ನಾನು ಇವತ್ತು ಬಂದಿದ್ದು.

ಮೂಲೆ ಮೇಜಿನಲ್ಲಿ ದಿನಾ ಏಳು ಗಂಟೆಗೆ ಒಬ್ಬ ಹಿರಿಯರು ಕೂರುತ್ತಾರೆ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಕನ್ನಡಕದ ಡಬ್ಬಿ. ಯಾವಾಗಲೂ ಬೈಟು ಕಾಫಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸೋದು, ನಮ್ಮೂರಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ. ಆದರೆ ಅವರ ಎದುರಿಗೆ ಯಾರೂ ಇರುವುದಿಲ್ಲ. ಒಂದು ಲೋಟ ಅವರ ಮುಂದೆ, ಇನ್ನೊಂದು ಲೋಟ ಖಾಲಿ ಕುರ್ಚಿಯ ಮುಂದೆ, ಎರಡರ ಮೇಲೂ ಹಬೆ. ಅವರ ಒಪ್ಪಿಗೆ ಕೇಳಿಯೇ ಫೋಟೋ ತೆಗೆದೆ, ಬಹಳ ಚೆನ್ನಾಗಿ ಬಂತು. ತೋರಿಸಿದವರೆಲ್ಲ ಒಂದೇ ಮಾತು ಹೇಳಿದರು: ಹೆಂಡತಿ ತೀರಿಕೊಂಡಿರಬೇಕು, ಪಾಪ. ನಾನೂ ಹಾಗೇ ಅಂದುಕೊಂಡಿದ್ದೆ. ಆ ಮಾತು ಕೇಳೋದು ಹೇಗೆ ಅಂತ ಸಂಕೋಚವಾಗಿ ಎರಡು ತಿಂಗಳು ಕೇಳಲೇ ಇಲ್ಲ.

ಕೊನೆಗೆ ಫೋಟೋದ ಒಂದು ಪ್ರಿಂಟ್ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು. "ಇದರಲ್ಲಿ ಹೂವಮ್ಮ ಎಲ್ಲಮ್ಮಾ?" ಅಂದರು.

ಯಾವ ಹೂವಮ್ಮ? ಅವರು ಕಿಟಕಿ ತೋರಿಸಿದರು. ಬಾಗಿಲ ಮರದ ಕೆಳಗೆ ಹೂ ಕಟ್ಟುತ್ತಾ ಕೂರುವ ಹೆಂಗಸು. ಬುಟ್ಟಿ ಬಿಟ್ಟು ಒಳಗೆ ಬರೋಕಾಗಲ್ಲ. ಬಿಸಿ ಲೋಟ ಬಾಳೆನಾರು ಹಿಡಿದ ಒದ್ದೆ ಬೆರಳಿಗೆ ಚುರುಗುಟ್ಟುತ್ತೆ ಅಂತ ಇವರು ಎರಡನೇ ಲೋಟವನ್ನು ಮೇಜಿನ ಮೇಲೆ ಐದು ನಿಮಿಷ ಆರಲು ಬಿಟ್ಟು, ತಮ್ಮದು ಕುಡಿದು ಮುಗಿಸಿ, ಹೊರಗೆ ಹೋಗುವಾಗ ಕಿಟಕಿ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ಎಷ್ಟೋ ವರ್ಷದಿಂದ. ಇವರ ಹೆಂಡತಿ ಚೆನ್ನಾಗಿದ್ದಾರೆ. ಅವರಿಗೆ ಕಾಫಿ ಆಗಲ್ಲ, ಮನೆಯಲ್ಲಿ ಜೀರಿಗೆ ಕಷಾಯ ಕುಡಿಯುತ್ತಾರಂತೆ. ಹೂವಮ್ಮ ಅವರಿಗೆ ಅಂತ ದಿನಾ ಒಂದು ಮೊಳ ಹೂ ಕೊಟ್ಟು ಕಳಿಸುತ್ತಾಳೆ, ಆ ಹೂವಿಗೆ ದುಡ್ಡು ತಗೊಳ್ಳಲ್ಲ.

ನಾನು ಅಷ್ಟು ದಿನ ಹೋಟೆಲಿನ ಒಳಗೇ ಕಥೆ ಹುಡುಕುತ್ತಿದ್ದೆ. ಮನೆಗೆ ಬಂದು ಹಳೇ ಫೋಟೋಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಒಂದರಲ್ಲಿ ಕಿಟಕಿಯ ಕೆಳಮೂಲೆಯಲ್ಲಿ ಒಂದು ಕೈ ಇದೆ. ಹಸಿರು ಬಳೆ, ಹೆಬ್ಬೆರಳಿಗೆ ಸುತ್ತಿದ ಬಾಳೆನಾರು, ಲೋಟದ ಕಡೆ ಚಾಚಿದ ಬೆರಳುಗಳು. ಅದನ್ನು ನಾನು ಚೌಕಟ್ಟು ಕೆಟ್ಟಿದೆ ಅಂತ ಬದಿಗೆ ಹಾಕಿದ್ದೆ.

ಅದರ ಪ್ರಿಂಟ್ ಮಾಡಿಸಿ ಹೂವಮ್ಮನಿಗೆ ಕೊಟ್ಟೆ. ಆಕೆ ತುಂಬ ಹೊತ್ತು ನೋಡಿದಳು. ಸೆರಗಲ್ಲಿ ಕೈ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. "ಕೈ ಮಾತ್ರ ಬಂದೈತೆ ಕಣವ್ವಾ" ಅಂದಳು. ಆಮೇಲೆ ಫೋಟೋವನ್ನು ಬುಟ್ಟಿಯ ತಳದಲ್ಲಿ, ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಳು. "ಶುಕ್ರವಾರ ಬಾ. ಕನಕಾಂಬರ ಬಂದಿರ್ತದೆ, ಬುಟ್ಟಿ ತುಂಬಾ ಇರ್ತದೆ. ಆಗ ತೆಗಿ. ಬೇಗ ಬಾ ಮತ್ತೆ, ಏಳರ ಮೇಲೆ ವ್ಯಾಪಾರ ಶುರುವಾದ್ರೆ ನಾನು ತಲೆ ಎತ್ತಲ್ಲ."

ನಾಳೆ ಶುಕ್ರವಾರ. ಆರು ಗಂಟೆಗೆ ಹೋಗಬೇಕು.

ನಮಸ್ಕಾರ.